153ಕ್ಕೆ ಬರೆಯದ ಕಾರ್ಡು

ಫೆಬ್ರವರಿ 15, ಭಾನುವಾರ, ಬೆಳಿಗ್ಗೆ 9 ಗಂಟೆ 10 ನಿಮಿಷ. ಸೆಂಡಾಯ್, ಜಪಾನ್.

ಇವತ್ತಿಗೆ ಸರಿಯಾಗಿ 40 ದಿನಕ್ಕೆ ಈ ಕೋಣೆಯನ್ನು ಖಾಲಿ ಮಾಡಬೇಕು. ರಟ್ಟಿನ ಪೆಟ್ಟಿಗೆಗಳು ಮೂರು. ಎರಡಕ್ಕೆ ಟೇಪು ಸುತ್ತಿಯಾಗಿದೆ. ಮೂರನೆಯದರ ಮೇಲೆ ಒಂದು ಬಿಸ್ಕತ್ತಿನ ಡಬ್ಬಿ ಇದೆ, ಅದರೊಳಗೆ 239 ಕಾರ್ಡುಗಳಿವೆ. ಡಬ್ಬಿಯನ್ನು ಪೆಟ್ಟಿಗೆಗೆ ಹಾಕಬೇಕೋ, ಗುರುವಾರ ಕೆಳಗಿಡುವ ಕಾಗದದ ಕಸಕ್ಕೆ ಹಾಕಬೇಕೋ ಎಂದು ಒಂಬತ್ತು ದಿನಗಳಿಂದ ನೋಡುತ್ತಿದ್ದೇನೆ. ತೀರ್ಮಾನಿಸುವ ಮೊದಲು ನಡೆದದ್ದನ್ನು ಬರೆದಿಡುತ್ತೇನೆ.

ನಾನು ಹನ್ನೊಂದನೆಯ ವಯಸ್ಸಿನಿಂದ ದಿನಚರಿ ಬರೆಯುತ್ತಿದ್ದೇನೆ. ಅದರಲ್ಲಿ ಮನಸ್ಸಿನ ಮಾತು ಕಡಿಮೆ. ದಿನಾಂಕ, ಗಂಟೆ, ಎಷ್ಟು ಸಲ, ಅಷ್ಟೇ. ಈ ಊರಿಗೆ ಬಂದ ಮೇಲೆ ಬಸ್ಸು ತಡವಾಗಿ ಬಂದದ್ದು 7 ಸಲ. ಸುಮಿಮಾಸೆನ್, ಅಂದರೆ ಕ್ಷಮಿಸಿ, ಎಂದು ನಾನು ಹೇಳಿದ್ದು ಮೊದಲ ವಾರದಲ್ಲೇ 112 ಸಲ, ಆಮೇಲೆ ಎಣಿಸುವುದನ್ನು ಬಿಟ್ಟೆ. ಎಣಿಕೆ ನನ್ನ ಒಳ್ಳೆಯ ಗುಣ ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ನಂಬಿದ್ದೆ.

ಏಪ್ರಿಲ್ 3ರಂದು ಇಲ್ಲಿಗೆ ಬಂದೆ. ಸಂಶೋಧನಾ ವಿದ್ಯಾರ್ಥಿ ಎಂಬುದು ನನ್ನ ದರ್ಜೆ. ಅಂದರೆ ಒಂದು ವರ್ಷ ಪ್ರಾಧ್ಯಾಪಕರ ಬಳಿ ಇದ್ದು ಕೆಲಸ ತೋರಿಸಬೇಕು. ಅವರು ಒಪ್ಪಿ ಅರ್ಜಿಯ ಮೇಲೆ ತಮ್ಮ ಮುದ್ರೆ ಒತ್ತಿದರೆ ಡಾಕ್ಟರೇಟ್ ಪ್ರವೇಶ ಪರೀಕ್ಷೆಗೆ ಕೂರಬಹುದು. ಮುದ್ರೆ ಇಲ್ಲದಿದ್ದರೆ ಮಾರ್ಚ್ ಕೊನೆಗೆ ಅವಧಿ ಮುಗಿಯುತ್ತದೆ, ವೀಸಾ ಕೂಡ. ಆ ಮುದ್ರೆ ಹೆಬ್ಬೆರಳಿನ ಉಗುರಿಗಿಂತ ದೊಡ್ಡದಲ್ಲ. ಅದಕ್ಕೊಂದು ಪುಟ್ಟ ಕಪ್ಪು ಡಬ್ಬಿ, ಒಳಗೆ ಕೆಂಪು ಶಾಯಿಯ ದಿಂಬು. ಸೆನ್ಸೇ, ಅಂದರೆ ನನ್ನ ಪ್ರಾಧ್ಯಾಪಕರ ಮೇಜಿನ ಮೇಲೆ ಅದನ್ನು ಮೊದಲ ದಿನವೇ ನೋಡಿದ್ದೆ.

ಏಪ್ರಿಲ್ 10, ಗುರುವಾರ, ಬೆಳಿಗ್ಗೆ 11ಕ್ಕೆ ಸೆನ್ಸೇ ನನ್ನನ್ನು ಕರೆದು ತಮ್ಮ ಗುಂಪಿನ ಪದ್ಧತಿಯನ್ನು ಹೇಳಿದರು. ಅರುವತ್ತು ದಾಟಿದವರು, ಸೀಮೆಸುಣ್ಣದ ಪುಡಿ ತೋಳಿಗೆ ಹತ್ತದಿರಲೆಂದು ಮೊಣಕೈವರೆಗೆ ಕಪ್ಪು ಬಟ್ಟೆಯ ಗವುಸು ಹಾಕುತ್ತಾರೆ. ಹೊಸದಾಗಿ ಬಂದ ವಿದ್ಯಾರ್ಥಿ ನಾಲ್ಕು ಅಂಕಿಯೊಳಗಿನ ಒಂದು ಪೂರ್ಣ ಸಂಖ್ಯೆಯನ್ನು ಆರಿಸಿಕೊಳ್ಳಬೇಕು. ಡಿಸೆಂಬರ್‌ವರೆಗೆ ಬೇರೆ ಕೆಲಸಗಳ ಜೊತೆ ಅದನ್ನೂ ನೋಡಿಕೊಳ್ಳಬೇಕು. ವರ್ಷದ ಕೊನೆಯ ಸಭೆಯಲ್ಲಿ, ಕೈಯಲ್ಲಿ ಕಾಗದವಿಲ್ಲದೆ, ಕಪ್ಪುಹಲಗೆಯ ಮುಂದೆ ನಿಂತು ಒಂದು ಗಂಟೆ ಆ ಸಂಖ್ಯೆಯ ಬಗ್ಗೆ ಮಾತನಾಡಬೇಕು. ಲೆಕ್ಕದ ಪುಸ್ತಕವನ್ನು ಮೇಜಿನ ಮೇಲೆ ಇಡಬೇಕು. ಅದರಲ್ಲಿ ಶಾಯಿಯಲ್ಲೇ ಬರೆದಿರಬೇಕು, ಏನನ್ನೂ ಅಳಿಸಿರಬಾರದು. ಕಂಪ್ಯೂಟರ್ ಬಳಸುವಂತಿಲ್ಲ.

"1729 ಮಾತ್ರ ಬೇಡ" ಎಂದರು. "ಭಾರತದಿಂದ ಇಲ್ಲಿಗೆ ಬಂದ ಮೂವರೂ ಅದನ್ನೇ ತಂದರು. ನಿಮ್ಮ ದೇಶದ ಗಣಿತಜ್ಞರ ಕಥೆಯ ಆ ಟ್ಯಾಕ್ಸಿ ನಮ್ಮ ಬಾಗಿಲಲ್ಲಿ ನಿಂತೂ ನಿಂತೂ ಅದರ ಗಾಳಿ ಇಳಿದುಹೋಗಿದೆ."

ನಾನು ಒಂದು ಕ್ಷಣವೂ ಯೋಚಿಸದೆ 153 ಎಂದೆ.

ಅದಕ್ಕೆ ಕಾರಣ ಗಣಿತವಲ್ಲ, ಹಳೆಯ ಸಿಟ್ಟು. ನಮ್ಮಮ್ಮ ಪ್ರಾಥಮಿಕ ಶಾಲೆಯ ಶಿಕ್ಷಕಿ. ಇಪ್ಪತ್ತರವರೆಗೆ ಮಗ್ಗಿ ಬಾಯಿಗೆ ಬರುವ ತನಕ ನನಗೆ ಆಟಕ್ಕೆ ಬಿಡುಗಡೆ ಇರಲಿಲ್ಲ. ಹದಿನೇಳರ ಮಗ್ಗಿಯಲ್ಲಿ ಎಂಟರವರೆಗೆ ಸರಿಯಾಗಿ ಓಡಿ, ಹದಿನೇಳು ಒಂಬತ್ತಲೆ ಎಂಬಲ್ಲಿ ನಾನು ಪ್ರತಿ ಸಲ ಎಡವುತ್ತಿದ್ದೆ. ನೂರ ಐವತ್ತಾರು ಅನ್ನುತ್ತಿದ್ದೆ. ಅಮ್ಮ ಪುಸ್ತಕ ಮುಂದಿಡುತ್ತಿದ್ದರು. ಆ ಒಂದು ಸಾಲನ್ನು ಹದಿನೇಳು ಸಲ ಬರೆಯಬೇಕು. ಹಾಗೆ ಬರೆದ ದಿನಗಳು 23. ಆ ಎಣಿಕೆಯೇ ನನ್ನ ಮೊದಲ ದಿನಚರಿಯ ಮೊದಲ ಪುಟ.

ಸಂಖ್ಯೆ ಮಾತ್ರ ನಾನು ತಿಳಿದದ್ದಕ್ಕಿಂತ ದೊಡ್ಡದಾಗಿತ್ತು. ಮೇ ತಿಂಗಳಿಡೀ ಅದರ ಹಿಂದೆ ನಡೆದೆ. 1ರಿಂದ 17ರವರೆಗಿನ ಸಂಖ್ಯೆಗಳನ್ನು ಕೂಡಿದರೆ 153. ಮೊದಲ ಸಾಲಿಗೆ ಒಂದು ಹರಳು, ಎರಡನೆಯದಕ್ಕೆ ಎರಡು ಎಂದು ಹದಿನೇಳು ಸಾಲು ಜೋಡಿಸಿದರೆ ಸರಿಯಾದ ತ್ರಿಕೋನ. ಅಮ್ಮನ ಮಗ್ಗಿಯ ಸಾಲು ಇದೇ ತ್ರಿಕೋನ ಎಂದು ಅರ್ಥವಾಗಲು ನನಗೆ ಹದಿನೈದು ವರ್ಷ ಬೇಕಾಯಿತು. ತುದಿಯ ಎರಡನ್ನು ಕೂಡಿದರೆ 18, ಅದರ ಅರ್ಧ 9, ಅಂಥ ಹದಿನೇಳು. ಇನ್ನೊಂದು ಬಗೆ: 1, ಒಂದೆರಡಲೆ 2, ಅದನ್ನು ಮೂರರಿಂದ ಗುಣಿಸಿದರೆ 6, ನಾಲ್ಕರಿಂದ 24, ಐದರಿಂದ 120. ಈ ಐದನ್ನೂ ಕೂಡಿದರೆ ಮತ್ತೆ 153. ಇನ್ನೂ ಒಂದು: ಅದರ ಮೂರು ಅಂಕಿಗಳ ಘನಗಳನ್ನು, ಅಂದರೆ 1, 125, 27 ಇವನ್ನು ಕೂಡಿದರೂ 153. ತನ್ನನ್ನು ಬಿಡಿಸಿ, ಮತ್ತೆ ತನ್ನನ್ನೇ ಕಟ್ಟಿಕೊಳ್ಳುವ ಸಂಖ್ಯೆ.

ಈ ಕೊನೆಯ ಗುಣದಿಂದಲೇ ನನ್ನ ಕಥೆ ಶುರುವಾಗುವುದು. ಮೂರರಿಂದ ಭಾಗವಾಗುವ ಯಾವುದೇ ಸಂಖ್ಯೆಯನ್ನು ತೆಗೆದುಕೊಳ್ಳಿ. ಅದರ ಅಂಕಿಗಳ ಘನಗಳನ್ನು ಕೂಡಿ. ಬಂದ ಸಂಖ್ಯೆಗೆ ಮತ್ತೆ ಹಾಗೆಯೇ ಮಾಡಿ. 3 ತೆಗೆದುಕೊಂಡರೆ 27, ಆಮೇಲೆ 351, ಆಮೇಲೆ 153. ಮೂರು ಹೆಜ್ಜೆ. 6 ತೆಗೆದುಕೊಂಡರೆ ದಾರಿ ಉದ್ದ: 216, 225, 141, 66, 432, 99, 1458, 702, 351, 153. ಹತ್ತು ಹೆಜ್ಜೆ. ಎಲ್ಲಿಂದ ಹೊರಟರೂ ಬೇಗನೆಯೋ ತಡವಾಗಿಯೋ 153ರ ಮನೆಗೇ ಬರಬೇಕು, ಬಂದ ಮೇಲೆ ಹೊರಗೆ ಹೋಗುವಂತಿಲ್ಲ.

ಜೂನ್ 12ರಂದು ವಿಶ್ವವಿದ್ಯಾಲಯದ ಊಟದ ಹಾಲಿನಲ್ಲಿ ಅಕ್ಕನಿಗೆ ಇದನ್ನು ಕಾಗದದ ಕರವಸ್ತ್ರದ ಮೇಲೆ ಮಾಡಿ ತೋರಿಸಿದೆ. ಒಡಹುಟ್ಟಿದ ಅಕ್ಕನಲ್ಲ. ಹಾಸನದವರು, ಲೋಹಶಾಸ್ತ್ರದಲ್ಲಿ ಪೋಸ್ಟ್‌ಡಾಕ್ ಮಾಡುತ್ತಾರೆ, ಈ ಊರಿನಲ್ಲಿ ನನ್ನ ಜೊತೆ ಕನ್ನಡ ಮಾತನಾಡುವ ಒಬ್ಬರೇ.

"ಏನೇ, ಏಳು ಸಮುದ್ರ ದಾಟಿ ಬಂದು ಮಗ್ಗಿ ಬರೀತಾ ಕೂತಿದೀಯಲ್ಲೇ" ಎಂದರು. "ನಾನು ಇಲ್ಲಿ ಸಾವಿರ ಡಿಗ್ರಿ ಫರ್ನೇಸ್ ಮುಂದೆ ಬೇಯ್ತಿದೀನಿ, ನೀನು ನೋಡಿದ್ರೆ ಎಸಿ ರೂಮಲ್ಲಿ ಕೂಡೋದು ಕಳೆಯೋದು."

"ಕೂಡೋದು ಮಾತ್ರ ಅಕ್ಕಾ. ಕಳೆಯೋದಿಲ್ಲ."

"ಸರಿ, ಯಾವ ನಂಬರ್ ಕೊಟ್ರೂ ಬರತ್ತಾ? ನನ್ನ ಬಸ್ ಪಾಸ್ ನಂಬರ್ ಟ್ರೈ ಮಾಡು."

ಅದು ಮೂರರಿಂದ ಭಾಗವಾಗಲಿಲ್ಲ. ಅಕ್ಕ ನಕ್ಕರು. "ನೋಡು, ಬೇಕಾದಾಗ ಕೈ ಕೊಡತ್ತೆ ನಿನ್ನ ನಂಬರ್ರು."

ತಮಾಷೆಗೆ ಹೇಳಿದ ಮಾತು. ಆದರೂ ಅವತ್ತಿನ ಪುಟದಲ್ಲಿ ಬರೆದಿಟ್ಟಿದ್ದೇನೆ, ಮಧ್ಯಾಹ್ನ 12:50.

ನಾನು ತೋರಿಸಬೇಕಾದದ್ದು ಇಷ್ಟು: ಎಲ್ಲ ಮೂರರ ಗುಣಕಗಳೂ 153ಕ್ಕೇ ಬರುತ್ತವೆ, ಒಂದೂ ತಪ್ಪುವುದಿಲ್ಲ. ಇದು ಹೊಸ ಸಂಗತಿಯಲ್ಲ, ತಿಳಿದವರಿಗೆ ತಿಳಿದದ್ದೇ. ಆದರೆ ಕೈಯಿಂದ, ಮೊದಲಿನಿಂದ, ನಾನೇ ಮಾಡಿ ತೋರಿಸಬೇಕಿತ್ತು. ಮೊದಲ ಎರಡು ಭಾಗಗಳು ಸುಲಭ. ಯಾವುದೇ ಅಂಕಿಯ ಘನದಿಂದ ಆ ಅಂಕಿಯನ್ನು ಕಳೆದರೆ ಉಳಿಯುವುದು ಮೂರರಿಂದ ಭಾಗವಾಗುತ್ತದೆ, ಹಾಗಾಗಿ ಮೂರರ ಗುಣಕವಾಗಿ ಹೊರಟದ್ದು ದಾರಿಯುದ್ದಕ್ಕೂ ಮೂರರ ಗುಣಕವಾಗಿಯೇ ಇರುತ್ತದೆ. ಇನ್ನೊಂದು, ಸಂಖ್ಯೆ ಎಷ್ಟೇ ದೊಡ್ಡದಿದ್ದರೂ ಕೆಲವೇ ಹೆಜ್ಜೆಗಳಲ್ಲಿ ನಾಲ್ಕು ಅಂಕಿಯೊಳಗೆ ಕುಸಿಯುತ್ತದೆ. ಹಾಗಾಗಿ ನಾಲ್ಕು ಅಂಕಿಯೊಳಗಿನವನ್ನು ಪರೀಕ್ಷಿಸಿದರೆ ಸಾಕು. ಅವು 3333. ಆದರೆ ಕೂಡುವಾಗ ಅಂಕಿಗಳ ಕ್ರಮ ಲೆಕ್ಕಕ್ಕಿಲ್ಲ, ಸೊನ್ನೆಗಳೂ ಲೆಕ್ಕಕ್ಕಿಲ್ಲ. 27, 72, 702, 2070 ಎಲ್ಲದರ ಮುಂದಿನ ಹೆಜ್ಜೆ ಒಂದೇ. ಹೀಗೆ ಒಂದೇ ಅಂಕಿಗಳಿರುವವನ್ನು ಒಂದು ಗುಂಪು ಮಾಡಿದರೆ ಎಷ್ಟು ಗುಂಪು? ಸೂತ್ರ ಹಾಕಿದೆ. 240 ಬಂತು. ಸೆಪ್ಟೆಂಬರ್ 30, ಸಂಜೆ 4:15. ಪುಟದ ತುದಿಯಲ್ಲಿ 240ರ ಸುತ್ತ ಎರಡು ಸಲ ಗೆರೆ ಎಳೆದಿದ್ದೇನೆ. ಈಗ ನೋಡಿದರೆ, ನನ್ನ ತಪ್ಪು ಶುರುವಾದದ್ದು ಆ ಎರಡನೆಯ ಗೆರೆಯಿಂದ.

ಗುಂಪಿಗೊಂದು ಕಾರ್ಡು ಎಂದು ಕೊಂಬಿನಿಯಿಂದ, ಅಂದರೆ ಇಲ್ಲಿಯ ಬೀದಿಮೂಲೆಯ ಅಂಗಡಿಯಿಂದ, ಕಟ್ಟುಕಟ್ಟು ಕಾರ್ಡು ತಂದೆ. ಪ್ರತಿ ಕಾರ್ಡಿನ ತಲೆಯ ಮೇಲೆ ಅಂಕಿಗಳನ್ನು ಏರುವ ಕ್ರಮದಲ್ಲಿ ಬರೆದೆ: 0003, 0006, 0009, 0012 ಹೀಗೆ. ಕೆಳಗೆ 153 ಬರುವವರೆಗೆ ಹೆಜ್ಜೆಗಳು. ಕಾರ್ಡುಗಳಿಗೆ ಕ್ರಮಸಂಖ್ಯೆ ಹಾಕಲಿಲ್ಲ, ಅಷ್ಟು ಅಂಕಿಗಳ ನಡುವೆ ಇನ್ನೊಂದು ಸಂಖ್ಯೆ ಗೊಂದಲ ಎನಿಸಿತು. 0135 ಬರೆಯುವ ಸರದಿ ಬಂದಾಗ ಬರೆಯಲಿಲ್ಲ. 1, 3, 5: ಅದು 153ರ ಸ್ವಂತ ಗುಂಪು. ಎಲ್ಲರೂ ಹೋಗಿ ಸೇರುವ ಮನೆಗೆ ದಾರಿಯ ಕಾರ್ಡು ಏಕೆ ಎಂದುಕೊಂಡು ಮುಂದಿನದಕ್ಕೆ ಹೋದೆ. ಹಾಗೆ ಅಂದುಕೊಂಡದ್ದನ್ನು ಎಲ್ಲಿಯೂ ಬರೆದಿಡಲಿಲ್ಲ. ಎಲ್ಲವನ್ನೂ ಬರೆದಿಡುವ ನಾನು ಆ ವರ್ಷ ಬರೆಯದೆ ಬಿಟ್ಟದ್ದು ಬಹುಶಃ ಅದೊಂದೇ.

ನವೆಂಬರ್ 20 ಮತ್ತು 21, ಎರಡು ಮಧ್ಯಾಹ್ನ, ಕಾರ್ಡುಗಳನ್ನು ಮರುಪರೀಕ್ಷೆ ಮಾಡಿದೆವು. ಜೊತೆಗಿದ್ದವಳು ಪಕ್ಕದ ಮೇಜಿನ ಜಪಾನಿ ವಿದ್ಯಾರ್ಥಿನಿ, ಡಾಕ್ಟರೇಟಿನ ಎರಡನೆಯ ವರ್ಷ. ಮಾತು ಕಡಿಮೆ, ಪೆನ್ಸಿಲ್ ಚೂಪು. ಅವಳಾಗಿಯೇ ಸಹಾಯಕ್ಕೆ ಬಂದಿದ್ದಳು. ಮೊದಲ ದಿನ ಅವಳು ಕಾರ್ಡು ಓದಿದಳು, ನಾನು ಲೆಕ್ಕ ನೋಡಿ ಸರಿಯಿದ್ದರೆ ಒಂದು ಹಾಳೆಯಲ್ಲಿ ಗೆರೆ ಹಾಕಿದೆ. ನಾಲ್ಕು ನಿಂತ ಗೆರೆ, ಐದನೆಯದು ಅವುಗಳ ಮೇಲೆ ಓರೆಯಾಗಿ, ಶಾಲೆಯಲ್ಲಿ ಕಲಿತ ಹಾಗೆ. 24 ಕಟ್ಟು, 120 ಕಾರ್ಡು.

ಎರಡನೆಯ ದಿನ ನಾನು ಓದಿದೆ, ಅವಳು ಗುರುತು ಹಾಕಿದಳು. ಇಲ್ಲಿಯವರು ಎಣಿಸುವುದು ಬೇರೆ ರೀತಿ. ಐದು ಗೆರೆಗಳ ಒಂದು ಅಕ್ಷರವಿದೆ. ಮೊದಲು ಮೇಲೊಂದು ಅಡ್ಡಗೆರೆ, ಆಮೇಲೆ ನಡುವೆ ಉದ್ದಗೆರೆ, ಬಲಕ್ಕೊಂದು ಗಿಡ್ಡ ಅಡ್ಡಗೆರೆ, ಎಡಕ್ಕೊಂದು ಗಿಡ್ಡ ನಿಂತ ಗೆರೆ, ಕೊನೆಗೆ ಅಡಿಯಲ್ಲೊಂದು ಅಡ್ಡಗೆರೆ. ಒಂದು ಅಕ್ಷರ ಮುಗಿದರೆ ಐದು. ಊಟದ ಹಾಲಿನಲ್ಲಿ, ಶಾಲೆಯ ಚುನಾವಣೆಯಲ್ಲಿ, ಎಲ್ಲ ಕಡೆ ಹೀಗೆಯೇ. ನನ್ನ ಗೆರೆಗಳಲ್ಲಿ ಕಟ್ಟು ಮುಗಿದಿಲ್ಲವೆಂದರೆ ದೂರದಿಂದಲೇ ಕಾಣುತ್ತದೆ. ಅವಳ ಅಕ್ಷರದಲ್ಲಿ ನಾಲ್ಕು ಗೆರೆ ಬಿದ್ದಾಗಲೇ ಅದು ಪೂರ್ತಿ ಅಕ್ಷರದಂತೆ ಕಾಣುತ್ತದೆ, ನನ್ನ ಕಣ್ಣಿಗಂತೂ.

ಸಂಜೆ 5:05ಕ್ಕೆ ಡಬ್ಬಿ ಖಾಲಿಯಾಯಿತು. ಹಾಳೆಯನ್ನು ಎತ್ತಿಕೊಂಡು ಅವಳ ಅಕ್ಷರಗಳನ್ನು ಎಣಿಸಿದೆ. 24. ಐದರಿಂದ ಗುಣಿಸಿದೆ. 120. ನಿನ್ನೆಯ 120 ಸೇರಿದರೆ 240. ಸೂತ್ರದ್ದೂ 240. ಮೈ ಹಗುರವಾಯಿತು. ಲೆಕ್ಕದ ಪುಸ್ತಕದಲ್ಲಿ, ಶಾಯಿಯಲ್ಲಿ, "ಎಣಿಸಿದ ಕಾರ್ಡುಗಳು 240" ಎಂದು ಬರೆದೆ. ಅವಳು ಪಕ್ಕದಲ್ಲೇ ನಿಂತು ನೋಡಿದಳು. ಏನೋ ಹೇಳುವವಳಂತೆ ಉಸಿರೆಳೆದು, ಆಮೇಲೆ ಪೆನ್ಸಿಲನ್ನು ತನ್ನ ಪೆನ್ಸಿಲ್ ಡಬ್ಬಿಗೆ ಹಾಕಿ, ಕೆಲಸ ಮುಗಿದಾಗ ಇಲ್ಲಿಯವರು ಹೇಳುವಂತೆ, ಕಷ್ಟಪಟ್ಟಿರಿ ಎಂದು ಹೇಳಿ ಹೋದಳು. ನಾನು ಅರಿಗಾತೋ, ಧನ್ಯವಾದ, ಅಂದೆ. ಎರಡು ಸಲ.

ಡಿಸೆಂಬರ್ 19, ಶುಕ್ರವಾರ, ಮಧ್ಯಾಹ್ನ 1:30. ಕೋಣೆಯಲ್ಲಿ ಸೆನ್ಸೇ ಸೇರಿ ಏಳು ಜನ. ನಾನು ಚೆನ್ನಾಗಿ ಮಾತನಾಡಿದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹದಿನೇಳು ಸಾಲಿನ ತ್ರಿಕೋನ ಹಾಕಿದೆ, ಐದು ಗುಣಲಬ್ಧಗಳನ್ನು ಕೂಡಿದೆ, ಮೂರರ ಗುಣಕ ಏಕೆ ಮೂರರ ಗುಣಕವಾಗಿಯೇ ಉಳಿಯುತ್ತದೆ ಎಂದು ತೋರಿಸಿದೆ. ಆಮೇಲೆ ಯಾವ ಗುಂಪು ಎಷ್ಟು ಹೆಜ್ಜೆಗೆ ಮನೆ ಸೇರುತ್ತದೆ ಎಂಬ ಪಟ್ಟಿ. ಎರಡು ಹೆಜ್ಜೆಯವು ಇಷ್ಟು, ಮೂರು ಹೆಜ್ಜೆಯವು ಇಷ್ಟು. ಒಟ್ಟು 240, ಎಲ್ಲವೂ ಮನೆ ಸೇರಿದವು ಎಂದು ಹೇಳಿ ಸೀಮೆಸುಣ್ಣ ಕೆಳಗಿಟ್ಟೆ.

ಸೆನ್ಸೇ ಪಟ್ಟಿಯನ್ನೇ ನೋಡುತ್ತಿದ್ದರು.

"ಒಂದು ಹೆಜ್ಜೆಯ ಸಾಲು ಖಾಲಿ ಇದೆ" ಎಂದರು.

"ಹೌದು ಸೆನ್ಸೇ. ಒಂದೇ ಹೆಜ್ಜೆಗೆ ತಲುಪುವ ಗುಂಪು ಇಲ್ಲ."

"ಹಾಗಾದರೆ ಕೊನೆಯ ಹೆಜ್ಜೆಯನ್ನು ಯಾರು ಇಡುತ್ತಾರೆ?"

ನನಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ಜಪಾನಿ ಭಾಷೆಯ ತೊಂದರೆ ಅಂದುಕೊಂಡೆ. ಅವರು ಇಂಗ್ಲಿಷಿನಲ್ಲಿ ಮತ್ತೆ ಕೇಳಿದರು, ಇನ್ನೂ ಮೆತ್ತಗೆ. ಆಮೇಲೆ ಅರ್ಥವಾಯಿತು. ಹತ್ತು ಹೆಜ್ಜೆ ನಡೆಯುವವನು ಒಂಬತ್ತು ಮುಗಿಸಿದ ಮೇಲೆ ಒಂದು ಹೆಜ್ಜೆ ದೂರದಲ್ಲಿ ನಿಂತಿರಲೇಬೇಕು. ಅಲ್ಲಿ ಯಾರೂ ಇಲ್ಲವೆಂದರೆ ಮನೆಯೊಳಗೆ ಯಾರೂ ಬರಲಾರರು. ಗೋಡೆಯ ಗಡಿಯಾರ 2:26 ತೋರಿಸುತ್ತಿತ್ತು.

"351" ಎಂದೆ. "513 ಕೂಡ. 1, 3, 5 ಇರುವ ಗುಂಪು."

"ಅದರ ಕಾರ್ಡು?"

ಡಬ್ಬಿ ಮೇಜಿನ ಮೇಲಿತ್ತು. ಅವರು ಅದನ್ನು ನನ್ನ ಕಡೆಗೆ ಸರಿಸಿದರು. "ದಯವಿಟ್ಟು ಎಣಿಸಿ."

ಏಳು ಜನರ ಮುಂದೆ ನಿಂತು, ಬ್ಯಾಂಕಿನ ಗುಮಾಸ್ತೆಯಂತೆ, ಕಾರ್ಡುಗಳನ್ನು ಎಣಿಸಿದೆ. 239. ಮತ್ತೆ ಎಣಿಸಿದೆ. 239. ಎರಡನೆಯ ಸಲ ಎಣಿಸುವಾಗ ತುಟಿ ಕನ್ನಡದಲ್ಲಿ ಆಡುತ್ತಿತ್ತು, ಅದನ್ನು ಎಲ್ಲರೂ ನೋಡಿದರು. ಸೆನ್ಸೇ ಲೆಕ್ಕದ ಪುಸ್ತಕದ ನಡುವೆ ಅಂಟಿಸಿದ್ದ ಎಣಿಕೆಯ ಹಾಳೆಯನ್ನು ತೆರೆದು, ಕೊನೆಯ ಅಕ್ಷರದ ಅಡಿಯಲ್ಲಿ ಬೆರಳಿಟ್ಟರು.

"ಇಲ್ಲಿ ಗೆರೆಗಳು ನಾಲ್ಕೇ ಇವೆ" ಎಂದರು. ಬೆರಳಿನ ಕೆಳಗೆ, ಅಡಿಯ ಗೆರೆ ಇರಬೇಕಾದಲ್ಲಿ, ಬಿಳಿ ಕಾಗದ.

ಆ ಎರಡು ಮಧ್ಯಾಹ್ನ ನಾನು ಮುಟ್ಟಿದ ಪ್ರತಿ ಕಾರ್ಡಿನ ಕೊನೆಯಲ್ಲೂ, 153ರ ಮೇಲಿನ ಸಾಲಿನಲ್ಲಿ, 1, 3, 5 ಎಂಬ ಅಂಕಿಗಳೇ ಇದ್ದವು. 351, 513, 135, 1305. ನಾಲ್ಕು ಅಂಕಿಯೊಳಗೆ ಆ ಮನೆಗೆ ಬೇರೆ ಬಾಗಿಲಿಲ್ಲ. 239 ಕಾರ್ಡುಗಳೂ ನಾನು ಬರೆಯದ ಆ ಒಂದು ಕಾರ್ಡಿನ ಮೂಲಕವೇ ಹಾದುಹೋಗಿದ್ದವು. ಬಾಗಿಲನ್ನು 239 ಸಲ ನನ್ನ ಕೈಯಾರೆ ಬರೆದಿದ್ದೆ, ಒಂದು ಸಲವೂ ನೋಡಿರಲಿಲ್ಲ.

ಡಿಸೆಂಬರ್ 22, ಸೋಮವಾರ, ಬೆಳಿಗ್ಗೆ 10:40ಕ್ಕೆ ಪಕ್ಕದ ಮೇಜಿನವಳು ಮೊಗಸಾಲೆಯ ಕಾಫಿ ಯಂತ್ರದ ಬಳಿ ಒಬ್ಬಳೇ ಸಿಕ್ಕಳು. ನನ್ನ ಜಪಾನಿ ಭಾಷೆ ಸಿಟ್ಟಿನಲ್ಲಿ ಇನ್ನೂ ಕೆಟ್ಟದಾಗುತ್ತದೆ. ಆದರೂ ಕೇಳಿದೆ.

"ನಿಮಗೆ ಗೊತ್ತಿತ್ತಲ್ಲವೇ?"

"119 ಎಂದು ಗೊತ್ತಿತ್ತು" ಎಂದಳು. "ನೀವು 240 ಎಂದು ಬರೆದಾಗ, ಇನ್ನೊಂದು ಕಾರ್ಡು ನಿಮ್ಮ ಕೈಯಲ್ಲಿದೆ ಅಂದುಕೊಂಡೆ."

"ಕೇಳಬಹುದಿತ್ತು."

"ಅದು ನಿಮ್ಮ ಸಂಖ್ಯೆ. ಇನ್ನೊಬ್ಬರ ಸಂಖ್ಯೆಯಲ್ಲಿ ಕೈ ಹಾಕುವುದಿಲ್ಲ ಎನ್ನುವುದು ಈ ಕೊಠಡಿಯ ರೀತಿ. ನನ್ನ ಸಂಖ್ಯೆಯ ವರ್ಷ ನನಗೂ ಯಾರೂ ಏನೂ ಹೇಳಲಿಲ್ಲ."

"ಆದರೂ ಬಾಯಿ ಬಿಟ್ಟು ಒಂದು ಮಾತು..."

"ನಾನು ನಾಲ್ಕು ಗೆರೆ ಎಳೆದಿದ್ದೆ" ಎಂದಳು. ಅವಳ ಕಣ್ಣು ಕೆಂಪಾಗಿತ್ತು. "ಐದು ಎಳೆಯಲಿಲ್ಲ."

ಅವಳನ್ನು ದ್ವೇಷಿಸಲು ಒಂದು ಕಾರಣ ಬೇಕೆಂದು ಹೋಗಿದ್ದೆ. ಸಿಕ್ಕಿದ್ದು ನಾಲ್ಕು ಗೆರೆ. ಅವು ಸರಿಯಾಗಿಯೇ ಇದ್ದವು. ಆದರೂ ಅವಳು ಆ ಸಂಜೆ ಎಳೆದುಕೊಂಡ ಉಸಿರನ್ನು ನಾನು ಮರೆತಿಲ್ಲ. ಅವತ್ತಿನಿಂದ ಇವತ್ತಿನವರೆಗೆ ನಾವು ಮಾತನಾಡಿದ್ದು 6 ಸಲ, ಆರೂ ಸಲ ಕಿಟಕಿ ಮುಚ್ಚಲೇ ಎಂಬ ವಿಷಯ.

ಜನವರಿ 9, ಶುಕ್ರವಾರ, ಬೆಳಿಗ್ಗೆ 11. ಸೆನ್ಸೇಯ ಮೇಜಿನ ಮೇಲೆ ನನ್ನ ಅರ್ಜಿ ಇತ್ತು. ಪಕ್ಕದಲ್ಲಿ ಮುದ್ರೆಯ ಕಪ್ಪು ಡಬ್ಬಿ, ಮುಚ್ಚಿದಂತೆಯೇ. ಅದನ್ನು ನೋಡಿದ ಕೂಡಲೇ ನನಗೆ ತಿಳಿಯಿತು. ಆದರೂ ಕುಳಿತೆ.

"ನಿಮ್ಮ ಫಲಿತಾಂಶ ಸರಿ" ಎಂದರು. "ಅದು ನಿಮಗಿಂತ ಮೊದಲೇ ಸರಿಯಾಗಿತ್ತು."



"ತಪ್ಪು ಮಾಡುವವರನ್ನು ನಾನು ತೆಗೆದುಕೊಳ್ಳುತ್ತೇನೆ. ನಾನೂ ತಪ್ಪು ಮಾಡುತ್ತೇನೆ. ನೀವು ಎಣಿಸಿದ ಕಾರ್ಡುಗಳು ಎಂದು ಶಾಯಿಯಲ್ಲಿ ಬರೆದಿರಿ. ಕಾರ್ಡುಗಳನ್ನು ನೀವು ಎಣಿಸಿರಲಿಲ್ಲ. 240 ಬರಬೇಕೆಂದು ಗೊತ್ತಿತ್ತು, ಬಂದಿದೆ ಎಂದು ಬರೆದಿರಿ."

"ಒಂದು ಗೆರೆ, ಸೆನ್ಸೇ."

"ಹೌದು. ಒಂದು ಗೆರೆ."

ಆಮೇಲೆ ಅವರು ಕೇಳಿದ ಪ್ರಶ್ನೆಯೇ ನನ್ನ ಜೊತೆ ಊರಿಗೆ ಬರುವುದು. ಮೂರರಿಂದ ಭಾಗಿಸಿದಾಗ 2 ಉಳಿಯುವ ಸಂಖ್ಯೆಗಳಿಗೆ ಹೀಗೆಯೇ ನಡೆದರೆ ಎರಡು ಮನೆಗಳಿವೆ, 371 ಮತ್ತು 407. 1 ಉಳಿಯುವ ಸಂಖ್ಯೆಗಳಿಗೆ 1 ಇದೆ, 370 ಇದೆ, ಮನೆಯೇ ಸಿಗದೆ ಸುತ್ತುವವೂ ಇವೆ: 136ರಿಂದ 244, 244ರಿಂದ ಮತ್ತೆ 136, ಕೊನೆಯಿಲ್ಲದೆ. "ಹಾಗಿರುವಾಗ ಮೂರರ ಗುಣಕಗಳಿಗೆ ಮಾತ್ರ ಒಂದೇ ಮನೆ ಏಕೆ?" ಎಂದರು.

"ಎಲ್ಲವನ್ನೂ ನೋಡಿದೆ. ಬೇರೆ ಮನೆ ಇಲ್ಲ."

"ಅದು ಹಾಜರಿ ಪುಸ್ತಕ. ಕಾರಣವಲ್ಲ."

ಆಗ ನನಗೆ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. "ಕಾರಣ ನಿಮಗೆ ಗೊತ್ತೇ, ಸೆನ್ಸೇ?" ಎಂದು ಕೇಳಿಬಿಟ್ಟೆ. ಒಂಬತ್ತು ತಿಂಗಳಲ್ಲಿ ಅವರಿಗೆ ನಾನು ಕೇಳಿದ ಮೊದಲ ನೇರ ಪ್ರಶ್ನೆ.

ಅವರು ತೋಳಿನ ಕಪ್ಪು ಗವುಸನ್ನು ಸರಿಮಾಡಿಕೊಂಡರು. "ಗೊತ್ತಿಲ್ಲ" ಎಂದರು.

ತಲೆಬಾಗಿ ಹೊರಗೆ ಬಂದೆ. ಅರ್ಜಿಯನ್ನು ಅವರು ಲಕೋಟೆಗೆ ಹಾಕಿ, ಎರಡೂ ಕೈಯಲ್ಲಿ ಹಿಡಿದು ಹಿಂದಿರುಗಿಸಿದ್ದರು. ಅಷ್ಟು ಮರ್ಯಾದೆಯಿಂದ ನನಗೆ ಯಾರೂ ಇಲ್ಲ ಎಂದಿರಲಿಲ್ಲ. ಅವತ್ತು ಮಧ್ಯಾಹ್ನವೇ ಲೆಕ್ಕವನ್ನು ಕಂಪ್ಯೂಟರಿಗೆ ಕೊಟ್ಟೆ, ಇನ್ನು ಯಾವ ನಿಯಮ. 3333 ಸಂಖ್ಯೆಗಳು, ಎಲ್ಲವೂ 153. ನಾನು ಎಂಟರ್ ಒತ್ತಿದ ಬೆರಳನ್ನು ಎತ್ತುವ ಮೊದಲೇ ಮುಗಿದಿತ್ತು.

ಅಕ್ಕ ಸಂಜೆ ಬಂದರು, ಕೈಯಲ್ಲಿ ಒಂದು ಡಬ್ಬಿ ಚಿತ್ರಾನ್ನ. "ಬೇರೆ ಪ್ರೊಫೆಸರ್ ಹುಡ್ಕೋಣ ಬಿಡೇ. ಕ್ಯೋಟೋದಲ್ಲಿ ನನ್ನ ಫ್ರೆಂಡ್ ಇದಾಳೆ, ಅವಳ ಲ್ಯಾಬ್ ಪಕ್ಕದಲ್ಲೇ ಮ್ಯಾಥ್ಸ್ ಡಿಪಾರ್ಟ್‌ಮೆಂಟು."

"ಇಲ್ಲಿಂದ ಏಕೆ ಬಿಟ್ರಿ ಅಂತ ಕೇಳ್ತಾರೆ."

"ಕೇಳ್ಲಿ. ಕಾರ್ಡ್ ಒಂದು ಕಮ್ಮಿ ಇತ್ತು ಅನ್ನು. ಯಾರು ನಂಬ್ತಾರೆ ಇದನ್ನ? ಇನ್ನೇನೋ ಮಾಡಿರ್ಬೇಕು ಅಂದ್ಕೋತಾರೆ ಅಷ್ಟೇ."

ಅಕ್ಕ ಸಮಾಧಾನ ಹೇಳಲು ಬಂದಿದ್ದರು. ಆ ಮಾತಿನ ನಂತರ ಚಿತ್ರಾನ್ನವನ್ನು ಎರಡು ತಟ್ಟೆಗೆ ಹಾಕಿಕೊಂಡು ತಿಂದೆವು. ಕ್ಯೋಟೋಗೆ ಎರಡು ಪತ್ರ ಬರೆದೆ. ಒಂದಕ್ಕೆ ಉತ್ತರ ಬಂತು: ಈಗಿನ ಪ್ರಾಧ್ಯಾಪಕರ ಶಿಫಾರಸು ಕಳಿಸಿ.

ಜನವರಿ 11, ಭಾನುವಾರ ಅಮ್ಮನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅಮ್ಮ ಪೂರ್ತಿ ಕೇಳಿದರು.

"ಒಂದೇ ಒಂದು ಕಮ್ಮಿ ಆಯ್ತಾ?" ಎಂದರು.

"ಹೂಂ."

"ಅಷ್ಟಕ್ಕೆ ಇಷ್ಟು ದೊಡ್ಡ ಶಿಕ್ಷೆಯಾ? ಒಂದು ತಾನೆ ಪುಟ್ಟಾ. ಮನುಷ್ಯರು ಅಂದ್ಮೇಲೆ ಒಂದು ಹೆಚ್ಚುಕಮ್ಮಿ ಆಗತ್ತಪ್ಪ."

ಹದಿನೇಳು ಒಂಬತ್ತಲೆ ಎಂಬ ಸಾಲನ್ನು 23 ದಿನ, ದಿನಕ್ಕೆ ಹದಿನೇಳು ಸಲ ಬರೆಸಿದವರು. ಒಟ್ಟು 391 ಸಲ. ಆಗಲೂ ನಾನು ಮೂರೇ ಮೂರು ಹೆಚ್ಚು ಹೇಳುತ್ತಿದ್ದೆ. ಅದನ್ನು ನೆನಪಿಸಬೇಕೆಂದು ನಾಲಗೆಯ ತುದಿಯವರೆಗೆ ಬಂತು. ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನ್ ಇಟ್ಟೆ.

ಈಗ 12 ಗಂಟೆ 35 ನಿಮಿಷ. ಬರೆಯುವಾಗ ಎರಡು ಸಲ ಎದ್ದೆ, ಒಂದು ಸಲ ನೀರಿಗೆ, ಒಂದು ಸಲ ಡಬ್ಬಿಗೆ. ಡಬ್ಬಿ ತೆರೆದು ಹೊಸ ಕಾರ್ಡಿನ ಮೇಲೆ 0135 ಎಂದು ಬರೆದೆ. ಕೆಳಗೆ 153. ಒಂದೇ ಹೆಜ್ಜೆ, ಅರ್ಧ ನಿಮಿಷದ ಕೆಲಸ. ಆಮೇಲೆ ಎಲ್ಲವನ್ನೂ ನೆಲದ ಮೇಲೆ ಸುರಿದು, ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸಿದೆ. ಡಬ್ಬಿ ಮೂರನೆಯ ಪೆಟ್ಟಿಗೆಗೆ ಹೋಯಿತು.

ಇದನ್ನು ಓದುವವರಲ್ಲಿ ಗಣಿತ ಬಲ್ಲವರಿದ್ದರೆ ಒಂದು ಕೋರಿಕೆ. ಮೂರರ ಗುಣಕಗಳಿಗೆ 153 ಒಂದೇ ಮನೆ ಏಕೆ, ಎರಡನೆಯದು ಏಕಿಲ್ಲ ಎನ್ನುವುದಕ್ಕೆ, ಒಂದೊಂದನ್ನೇ ನೋಡುತ್ತಾ ಹೋಗುವುದನ್ನು ಬಿಟ್ಟು ಬೇರೆ ಕಾರಣ ನಿಮಗೆ ತಿಳಿದಿದ್ದರೆ, ಇದನ್ನು ಪ್ರಕಟಿಸಿದವರ ಮೂಲಕ ನನಗೆ ಬರೆದು ತಿಳಿಸಿ. ಮಾರ್ಚ್ 27ರ ಒಳಗೆ ಬಂದರೆ ಒಂದು ಪ್ರತಿಯನ್ನು ಸೆನ್ಸೇಯ ಅಂಚೆಪೆಟ್ಟಿಗೆಯಲ್ಲಿ ಹಾಕಿ ಹೋಗುತ್ತೇನೆ, ಹೆಸರು ಬರೆಯದೆ. ತಡವಾದರೂ ಬರೆಯಿರಿ. ಪಟ್ಟಿ ಮಾತ್ರ ಕಳಿಸಬೇಡಿ. ಪಟ್ಟಿ ನನ್ನ ಹತ್ತಿರ ಇದೆ, 240, ಇವತ್ತು ಎಣಿಸಿದ್ದೇನೆ.